ಗುಂಡಿಯಲ್ಲಿ ಕೂತ ಭರಮ

ಮಕ್ಕಳೇ, ಹೊಂಗೆಕೆರೆಯ ದಂಡೆಯಲ್ಲಿ, ಒಂದು ಪೊದೆಯ ಬುಡದಲ್ಲಿ, ದ್ಯಾವಮ್ಮ ಎಂಬ ಕಾಡುಕೋಳಿಯ ಮನೆಯಿತ್ತು. ಆ ಕಾಡಿನಲ್ಲಿ ಯಾವ ಮರಿ ದಿಕ್ಕಿಲ್ಲದೆ ಉಳಿದರೂ ಮೊದಲು ಬರುತ್ತಿದ್ದದ್ದು ಅವಳ ಮನೆಗೇ. ಕಾಯಂ ಮನೆ ಸಿಗುವವರೆಗೆ ಅವಳು ಸಾಕುತ್ತಿದ್ದಳು, ಸಿಕ್ಕ ದಿನ ತಲೆ ಸವರಿ ಕಳಿಸುತ್ತಿದ್ದಳು. ಅಳಿಲು, ಮೊಲ, ಒಮ್ಮೆ ಮುಳ್ಳುಹಂದಿಯ ಮರಿ ಕೂಡ ಹಾಗೆಯೇ ಬೆಳೆದು ಹೋಗಿತ್ತು. ಮುಳ್ಳುಹಂದಿಯನ್ನು ರೆಕ್ಕೆಯಡಿ ಮಲಗಿಸಿಕೊಂಡವಳ ತಾಳ್ಮೆ ಎಷ್ಟಿರಬೇಕು, ನೀವೇ ಯೋಚಿಸಿ.

ಹೋದ ಮಳೆಗಾಲದ ನೆರೆಯಲ್ಲಿ ಒಂದು ನಾಯಿಮರಿ ಮರದ ದಿಮ್ಮಿಗೆ ಅಂಟಿಕೊಂಡು ತೇಲಿ ಬಂತು. ದ್ಯಾವಮ್ಮ ಅದನ್ನು ದಡಕ್ಕೆ ಎಳೆದು, ಭರಮ ಎಂದು ಹೆಸರಿಟ್ಟಳು. ಆಗ ಅವನು ಅವಳ ರೆಕ್ಕೆಯಡಿ ಹಿಡಿಸುತ್ತಿದ್ದ. ಬೇಸಗೆ ಮುಗಿಯುವ ಹೊತ್ತಿಗೆ ಕರುವಿನಷ್ಟಾದ. ಬುದ್ಧಿ ಇನ್ನೂ ಎಳೆಯದು, ಬೆಳೆದದ್ದು ಮೈ ಮಾತ್ರ. ಅವನು ನಿದ್ದೆಯಲ್ಲಿ ಕಾಲು ಚಾಚಿದರೆ ಕೋಳಿಮರಿಗಳು ಮನೆಯಿಂದ ಹೊರಗೆ ಉರುಳುತ್ತಿದ್ದವು. ಇನ್ನೇನು ಮತ್ತೆ ಮಳೆ ಬರುವುದರಲ್ಲಿತ್ತು. ಮಳೆಯ ಜೊತೆಗೆ ದಿಕ್ಕಿಲ್ಲದ ಹೊಸ ಮರಿಗಳೂ ಬರುತ್ತವೆ. ಅಷ್ಟರೊಳಗೆ ಭರಮನಿಗೆ ಒಂದು ಮನೆ ಆಗಲೇಬೇಕಿತ್ತು.

ನೋಡಲು ಬಂದವರೇನೋ ಬಂದರು. ನೀರುನಾಯಿ ದಂಪತಿ, ಭರಮ ಎದ್ದು ನಿಂತದ್ದೇ ತಡ, "ಇಷ್ಟು ದೊಡ್ಡವನಾ?" ಎಂದು ಕೆರೆಗೆ ಹಾರಿದರು. ಮುಂಗುಸಿಯಂತೂ ಬಾಗಿಲಿನಿಂದಲೇ ತಿರುಗಿ ಹೋಯಿತು. ಪ್ರತಿ ಸಲವೂ ಭರಮ ಬಾಲ ಆಡಿಸುತ್ತ ಅವರ ಹಿಂದೆ ದಾರಿಯವರೆಗೆ ಹೋಗಿ, ಬಾಲ ಇಳಿಸಿಕೊಂಡು ಬರುತ್ತಿದ್ದ.

"ತಪ್ಪು ನಿಂದೇ ಕಣೆ," ಎಂದಳು ಪಕ್ಕದ ಮರದ ಗೊರವಂಕ ಈರಕ್ಕ. ಈರಕ್ಕನ ಮನೆಯಲ್ಲಿ ಕಾಳಿಗೆ ಬರ ಬಂದರೂ ಬಾಯಲ್ಲಿ ಗಾದೆಗೆ ಬರವಿರಲಿಲ್ಲ. "ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರಾ? ನಾಳೆ ಗುಡ್ಡದ ಆಡು ಕೆಂಚಮ್ಮ ನೋಡೋಕೆ ಬರ್ತಾಳೆ. ಹಂದಿಗಳು ಗೆಡ್ಡೆ ಅಗೆದ ಗುಂಡಿ ಇದೆಯಲ್ಲ, ಅದರಲ್ಲಿ ಇವನನ್ನ ಕೂರಿಸು. ತಲೆಯೊಂದು ಕಂಡರೆ ಸಾಕು."

"ಆಮೇಲೆ ಗೊತ್ತಾಗಲ್ವಾ?"

"ಒಂದು ಸಲ ಮನೆ ತುಂಬಿಸಿಕೊಂಡ ಮೇಲೆ ಯಾರು ವಾಪಸ್ ಕಳಿಸ್ತಾರೆ?"

ದ್ಯಾವಮ್ಮನಿಗೆ ಸುಳ್ಳು ಹೇಳಿ ರೂಢಿಯಿರಲಿಲ್ಲ. ಆದರೆ ಭರಮ ಇಳಿಬಿದ್ದ ಬಾಲದೊಂದಿಗೆ ಮತ್ತೊಮ್ಮೆ ದಾರಿಯಿಂದ ಬರುವುದನ್ನು ನೋಡುವ ಶಕ್ತಿಯೂ ಇರಲಿಲ್ಲ. ಒಪ್ಪಿಬಿಟ್ಟಳು.

ಮರುದಿನ ಕೆಂಚಮ್ಮ ತನ್ನ ಪುಟ್ಟ ಮರಿಯನ್ನು ಕರೆದುಕೊಂಡು ಬಂದಳು. ದ್ಯಾವಮ್ಮ ಎಳೆಯ ಹಲಸಿನೆಲೆ ಇಟ್ಟು ಉಪಚಾರ ಮಾಡಿದಳು. ಥೇಟ್ ಹೆಣ್ಣು ನೋಡುವ ಶಾಸ್ತ್ರದ ಹಾಗೆಯೇ. ಭರಮ ಗುಂಡಿಯಲ್ಲಿ ಮೈ ಮುದುಡಿಕೊಂಡು ಕೂತಿದ್ದ. ಸುತ್ತಲೂ ತರಗೆಲೆ ಹರಡಿತ್ತು. ಹೊರಗೆ ಕಾಣುತ್ತಿದ್ದದ್ದು ಎರಡು ಕಿವಿ, ಒಂದು ಮೂತಿ.

"ಹುಡುಗ ಸಣ್ಣ ಆಳು ಅಂತ ಕಾಣುತ್ತೆ," ಎಂದಳು ಕೆಂಚಮ್ಮ.

"ಹೂಂ ತಾಯಿ, ಸಣ್ಣವನೇ. ಒಂದು ಮೂಲೆಯಲ್ಲಿ ಬಿದ್ದಿರ್ತಾನೆ."

"ಊಟ?"

"ಒಂದು ಮೀನಿನ ಮರಿ ತಿಂದರೆ ಹೊಟ್ಟೆ ತುಂಬ್ತು ಅಂತಾನೆ."

"ಗಂಟಲು ಹೇಗೆ? ಬೊಗಳ್ತಾನಾ?"

"ಅಯ್ಯೋ, ಮನೇಲಿ ಇದ್ದಾನೋ ಇಲ್ಲವೋ ಅಂತಲೇ ಗೊತ್ತಾಗಲ್ಲ."

ಮರದ ಮೇಲೆ ಈರಕ್ಕ ಭೇಷ್ ಎನ್ನುವಂತೆ ತಲೆಯಾಡಿಸಿದಳು. ಕೆಂಚಮ್ಮನ ಮುಖ ಮಾತ್ರ ಸಪ್ಪಗಾಯಿತು. ಅರ್ಧ ಎಲೆ ಬಿಟ್ಟು ಎದ್ದಳು.

"ಮನೆಗೆ ಹೋಗಿ ಹೇಳಿ ಕಳಿಸ್ತೀನಿ, ಅಕ್ಕ."

ಹೇಳಿ ಕಳಿಸ್ತೀನಿ ಎಂದರೆ ಏನು ಎಂದು ದ್ಯಾವಮ್ಮನಿಗೆ ಗೊತ್ತಿಲ್ಲವೆ? "ಏನು ಕೊರತೆ ಕಂಡಿತು, ಅದನ್ನಾದರೂ ಹೇಳು," ಎಂದಳು.

"ಕೊರತೆ ಹುಡುಗನದಲ್ಲ. ನಮ್ಮ ಗುಡ್ಡಕ್ಕೆ ತೋಳ ಬರುತ್ತೆ. ಹೋದ ಸಲ ನನ್ನ ದೊಡ್ಡ ಮರಿಯನ್ನ ಹೊತ್ತುಕೊಂಡು ಹೋಯಿತು. ಈಗ ಉಳಿದಿರೋದು ಇದೊಂದೇ. ನೋಡಿದರೆ ತೋಳ ಹಿಂದೆ ಸರೀಬೇಕು, ಅಂಥ ದೊಡ್ಡ ಆಳು, ದೊಡ್ಡ ಗಂಟಲು ಬೇಕಿತ್ತು ನನಗೆ. ಈ ಪಾಪದವನನ್ನ ಕರಕೊಂಡು ಹೋಗಿ ತೋಳದ ಬಾಯಿಗೆ ಕೊಡಲಾ?"

ದ್ಯಾವಮ್ಮ ಗುಂಡಿಯ ಕಡೆ ತಿರುಗಿದಳು. ಕೈಗೆ ಬಂದ ತುತ್ತನ್ನು ತಾನೇ ಕೆಡವಿದ್ದಳು.

"ಭರಮ, ಏಳೋ," ಎಂದಳು.

"ಅವ್ವ, ಕಾಲು ಜೋಮು ಹಿಡಿದಿದೆ," ಎನ್ನುತ್ತ ಭರಮ ಎದ್ದ. ಎದ್ದ, ಎದ್ದ, ಇನ್ನೂ ಎದ್ದ. ತರಗೆಲೆ ಮಣ್ಣು ಎಲ್ಲ ಮೈಯಿಂದ ಉದುರಿತು. ಕೆಂಚಮ್ಮ ಮರಿಯನ್ನು ಹಿಂದಕ್ಕೆ ತಳ್ಳಿ, ಕೊಂಬು ತಗ್ಗಿಸಿ ನಿಂತಳು.

"ಇವನು ಕಚ್ಚುತ್ತಾನಾ?"

"ಇಲ್ಲ ತಾಯಿ, ನನ್ನಾಣೆಗೂ ಕಚ್ಚಲ್ಲ."

"ಸಣ್ಣವನು ಅಂದಿದ್ದೂ ಇದೇ ಬಾಯಿ ಅಲ್ಲವಾ?" ಎಂದಳು ಕೆಂಚಮ್ಮ. "ಮೈಯನ್ನೇ ಮುಚ್ಚಿಟ್ಟವರು ಹಲ್ಲನ್ನ ಮುಚ್ಚಿಡಲ್ಲ ಅಂತ ಹೇಗೆ ನಂಬಲಿ? ನನ್ನ ಹತ್ತಿರ ಇರೋದು ಒಂದೇ ಮರಿ." ಅವಳು ದಾರಿಯ ಕಡೆಗೆ ತಿರುಗಿದಳು.

ಭರಮ ಎಂದಿನಂತೆ ಬಾಲ ಆಡಿಸುತ್ತ ಹೊರಟ. ದ್ಯಾವಮ್ಮನಿಗೆ ತಡೆಯಲಾಗಲಿಲ್ಲ. ಓಡಿ ಹೋಗಿ ಕೆಂಚಮ್ಮನ ಎದುರು ನಿಂತಳು.

"ನಿಲ್ಲು ತಾಯಿ. ಇವನ ಹುಳುಕೆಲ್ಲ ಹೇಳಿಬಿಡ್ತೀನಿ, ಕೇಳಿಕೊಂಡು ಹೋಗು. ಇವನಿಗೆ ಮೀನಿನ ಮರಿ ಹಲ್ಲಿನ ಸಂದಿಗೂ ಸಾಲಲ್ಲ. ಹೊಟ್ಟೆ ಹೊಟ್ಟೆಯಲ್ಲ, ಕಾಳು ತುಂಬೋ ಹಗೇವು. ಒಬ್ಬನನ್ನೇ ಬಿಟ್ಟರೆ ಕೆರೆಯ ಆಚೆ ದಡಕ್ಕೆ ಕೇಳೋ ಹಾಗೆ ಊಳಿಡ್ತಾನೆ. ಬೇರು, ಬಳ್ಳಿ, ಸಿಕ್ಕಿದ್ದನ್ನೆಲ್ಲ ಅಗೀತಾನೆ. ಸಿಡಿಲು ಅಂದರೆ ಪ್ರಾಣ ಬಿಡ್ತಾನೆ. ನನ್ನ ರೆಕ್ಕೆಯಡಿ ತಲೆ ತೂರಿಸ್ತಾನೆ, ಹಿಡಿಸೋದು ಮೂಗೊಂದೇ."

ಈರಕ್ಕ ಮೇಲಿಂದ ಸಾಕು ಸಾಕು ಎಂದು ರೆಕ್ಕೆ ಬಡಿದಳು. ದ್ಯಾವಮ್ಮ ನೋಡಲಿಲ್ಲ.

"ಇನ್ನೊಂದಿದೆ. ಇದನ್ನ ಯಾರಿಗೂ ಹೇಳಿರಲಿಲ್ಲ. ಆಟ ಆಡ್ತಾ ನನ್ನ ಮರಿ ಚಿಟ್ಟಿಯ ಕಾಲು ತುಳಿದ. ಅವಳು ಇವತ್ತಿಗೂ ಕುಂಟ್ತಾಳೆ. ಬೇಕು ಅಂತ ತುಳಿದಿದ್ದಲ್ಲ, ತಾನು ಎಷ್ಟು ದೊಡ್ಡವನು ಅಂತ ಇವನಿಗೇ ಗೊತ್ತಿಲ್ಲ. ಆಮೇಲಿಂದ ನೆಲ ನೋಡಿಕೊಂಡೇ ನಡೀತಾನೆ."

ಅಷ್ಟರಲ್ಲಿ ಚಿಟ್ಟಿ ಕುಂಟುತ್ತ ಬಂದಳು. ಅವಳಿಗೆ ದೊಡ್ಡವರ ಪಂಚಾಯಿತಿಯ ಗೊಡವೆಯಿರಲಿಲ್ಲ, ನಿದ್ದೆ ಬಂದಿತ್ತು. ಭರಮ ತಕ್ಷಣ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದ. ಚಿಟ್ಟಿ ಅವನ ಬೆನ್ನು ಹತ್ತಿ, ಕತ್ತಿನ ಕೂದಲಲ್ಲಿ ಹುದುಗಿ ಕಣ್ಣು ಮುಚ್ಚಿದಳು. ಅವನು ಉಸಿರನ್ನೂ ಮೆಲ್ಲಗೆ ಬಿಟ್ಟ.

ಕೆಂಚಮ್ಮ ಅದನ್ನು ನೋಡಿದಳು. ಕೊಂಬು ಮೇಲೆತ್ತಿದಳು.

"ಇಷ್ಟು ಹುಳುಕು ಬಾಯಿಬಿಟ್ಟು ಹೇಳಿದವರು ಕಚ್ಚಲ್ಲ ಅಂದರೆ ನಂಬಬಹುದು," ಎಂದಳು. "ಗುಡ್ಡದ ಕೆಳಗೆ ಹಳ್ಳ ಇದೆ, ಮೀನಿಗೆ ಬರವಿಲ್ಲ. ಹುಣ್ಣಿಮೆವರೆಗೆ ಇಟ್ಟುಕೊಂಡು ನೋಡ್ತೀನಿ. ಹೊಂದಿಕೊಂಡರೆ ಅದೇ ಅವನ ಮನೆ."

ಮಲಗಿದ್ದ ಚಿಟ್ಟಿಯನ್ನು ಇಳಿಸಿಕೊಂಡು ದ್ಯಾವಮ್ಮ ಭರಮನ ತಲೆ ಸವರಿದಳು. ಅವನು ಈ ಸಲ ದಾರಿಯಿಂದ ಹಿಂದಕ್ಕೆ ಬರಲಿಲ್ಲ. ಬೇಕಾಗಿದ್ದದ್ದು ಅದೇ ಆದರೂ ಅವಳಿಗೆ ಅಳು ಬಂತು.

ಹುಣ್ಣಿಮೆ ಕಳೆಯಿತು, ಭರಮ ಅಲ್ಲೇ ಉಳಿದ. ಮಳೆ ಹಿಡಿಯಿತು. ಒಂದು ಮಧ್ಯಾಹ್ನ ಸಿಡಿಲು ಬಡಿದಾಗ ದ್ಯಾವಮ್ಮ ತನಗೆ ತಿಳಿಯದೆಯೇ ರೆಕ್ಕೆ ಎತ್ತಿದಳು. ತೂರಿಬರುವ ಮೂಗಿರಲಿಲ್ಲ. ಆದರೆ ಗುಡ್ಡದ ಕಡೆಯಿಂದ ಒಂದು ಬೊಗಳು ಕೇಳಿಸಿತು, ಕೆರೆಯ ಆಚೆ ದಡಕ್ಕೂ ಕೇಳುವಂಥದ್ದು.

ಮಳೆ ನಿಂತ ಮೇಲೆ ಈರಕ್ಕ ಹಾರಿ ಹೋಗಿ ಸುದ್ದಿ ತಂದಳು. "ತೋಳ ಬಂದಿತ್ತಂತೆ. ನಿನ್ನ ಮಗ ಗುಡುಗಿಗೆ ಗಡಗಡ ನಡುಗ್ತಾನೇ ಕೆಂಚಮ್ಮನ ಗುಹೆ ಬಾಗಿಲಿಗೆ ಅಡ್ಡ ನಿಂತು ಬೊಗಳಿದನಂತೆ. ಆ ಆಳನ್ನ ನೋಡಿ ತೋಳ ಓಡಿದ್ದೇ ಓಡಿದ್ದು. ಆಮೇಲೆ ಹೋಗಿ ಕೆಂಚಮ್ಮನ ಹೊಟ್ಟೆಯಡಿ ತಲೆ ತೂರಿಸಿದನಂತೆ."

"ಹಿಡಿಸ್ತಾ?" ಎಂದಳು ದ್ಯಾವಮ್ಮ.

"ನಾನೂ ಅದನ್ನೇ ಕೇಳಿದೆ. 'ಸಿಡಿಲಿಗೆ ಹೆದರ್ತಾನೆ ಅಂತ ಅಕ್ಕ ಮೊದಲೇ ಹೇಳಿದ್ದಳಲ್ಲ, ಜಾಗ ಮಾಡಿಟ್ಟಿದ್ದೆ' ಅಂದಳು ಕೆಂಚಮ್ಮ."

ಈರಕ್ಕನಿಗೆ ಅದಕ್ಕೊಂದು ಗಾದೆ ಹೊಳೆಯಲಿಲ್ಲ.

ನೀತಿ: ಹುಳುಕನ್ನು ಮುಚ್ಚಿಡುವ ಸುಳ್ಳು ಗುಣವನ್ನೂ ಮುಚ್ಚಿಬಿಡುತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಹುಳುಕಿಗೂ ಜಾಗ ಸಿಗುತ್ತದೆ.