ಕಂಟಯ್ಯ ಕಾಯುತ್ತಿದ್ದ ದಿಬ್ಬ

ಮಕ್ಕಳೇ, ಒಂದು ಕಾಡಿನ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಹೊಳೆ ಒಂದು ಕಡೆ ಮೊಣಕೈ ಮಡಿಸಿದ ಹಾಗೆ ಬಾಗುತ್ತಿತ್ತು. ಬಾಗಿದಲ್ಲಿ ಆಳವಾದ ಮಡು, ಮಡುವಿನ ದಡದಲ್ಲಿ ಬಿಸಿಲು ಬೀಳುವ ಒಂದು ಮರಳ ದಿಬ್ಬ, ದಿಬ್ಬದ ಸುತ್ತ ಲಕ್ಕಿ ಗಿಡದ ಬೇಲಿ. ಆ ಬೇಲಿಯ ಬುಡದಲ್ಲಿ ಬಿಲ ತೋಡಿಕೊಂಡು ಕಂಟಯ್ಯ ಎಂಬ ಮುಳ್ಳುಹಂದಿ ಇದ್ದ. ದಿಬ್ಬಕ್ಕೆ ಅವನೇ ಕಾವಲು.

ಕಂಟಯ್ಯನ ಮೈತುಂಬ ಉದ್ದುದ್ದ ಮುಳ್ಳು. ನೋಡಿದರೆ ಯಾರಾದರೂ ಹೆದರಬೇಕು. ಒಳಗೆ ಮಾತ್ರ ಬರೀ ಬೆಣ್ಣೆ. ಯಾರಾದರೂ ಎದುರಿಗೆ ನಿಂತು ನಗುನಗುತ್ತ ಏನಾದರೂ ಕೇಳಿದರೆ ‘ಆಗೋದಿಲ್ಲ’ ಎನ್ನುವ ಮಾತು ಅವನ ಗಂಟಲಿನವರೆಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಇದಕ್ಕೆ ದಾಕ್ಷಿಣ್ಯ ಅಂತಾರೆ. ನಿಮ್ಮ ಮನೆಯಲ್ಲೂ ಒಬ್ಬರಿಗಾದರೂ ಇದ್ದೀತು, ಹುಡುಕಿ ನೋಡಿ.

ದಿಬ್ಬ ಯಾರದು ಅಂತೀರಾ? ಆಮೆಗಳದು. ಮೊದಲು ಆಮೆಗಳು ಹೊಳೆಯ ಮೇಲ್ಗಡೆ ಇನ್ನೊಂದು ಮರಳ ದಂಡೆಯಲ್ಲಿ ಮೊಟ್ಟೆ ಇಡುತ್ತಿದ್ದವು. ಮುತ್ತಜ್ಜಿಯರ ಕಾಲದಿಂದ ಅದೇ ಜಾಗ. ಒಂದು ಬೇಸಿಗೆಯಲ್ಲಿ ಕಾಡಿನ ಕೆರೆಗಳೆಲ್ಲ ಬತ್ತಿದವು. ಪ್ರಾಣಿಗಳು ಹೊಳೆಗೆ ಇಳಿಯೋಣವೆಂದರೆ ಎಲ್ಲ ಕಡೆ ಕಡಿದಾದ ಬಂಡೆ. ಇಳಿಜಾರು ಇದ್ದದ್ದು ಆಮೆಗಳ ದಂಡೆಯಲ್ಲಿ ಮಾತ್ರ. ಕಾಡಿನ ಹಿರಿಯಳಾದ ಆನೆಯಜ್ಜಿ ಆ ದಂಡೆಯನ್ನು ಬಿಟ್ಟುಕೊಡುತ್ತೀರಾ ಎಂದು ಸಂಕೋಚದಿಂದಲೇ ಕಲ್ಲವ್ವ ಎಂಬ ಆಮೆಯನ್ನು ಕೇಳಿದಳು.

ಕಲ್ಲವ್ವ ಹೇಳಿದಳು: “ಮರಿಗಳು ನೀರಿಲ್ಲದೆ ಸಾಯೋದು ಬೇಡಜ್ಜಿ. ತಗೊಳ್ಳಿ. ಆದರೆ ನನಗೆ ಸಡಿಲ ಮರಳು, ಬಿಸಿಲು, ಯಾರೂ ತುಳಿಯದ ನೆಲ ಬೇಕು. ಇಲ್ಲದಿದ್ದರೆ ನನ್ನ ಮೊಟ್ಟೆ ಮರಿಯಾಗೋದಿಲ್ಲ.”

ಆನೆಗಳು ಸೊಂಡಿಲಲ್ಲಿ ಮರಳು ಹೊತ್ತು ತಂದು ಹೊಳೆಯ ಬಾಗಿನಲ್ಲಿ ನೀರಿನವರೆಗೆ ಇಳಿಯುವ ಹೊಸ ದಿಬ್ಬ ಮಾಡಿಕೊಟ್ಟವು. ಸುತ್ತ ಲಕ್ಕಿ ಗಿಡ ನೆಟ್ಟವು. “ಕೊಟ್ಟ ನೆಲಕ್ಕೆ ಬದಲು ನೆಲ. ಹೊಳೆ ಹರಿಯುವವರೆಗೆ ಇದು ಆಮೆಗಳದು,” ಎಂದಳು ಆನೆಯಜ್ಜಿ. ಕಾವಲಿಗೆ ಕಂಟಯ್ಯನನ್ನು ನಿಲ್ಲಿಸಿದಳು. ಮುಳ್ಳು ನೋಡಿ ಆರಿಸಿದಳು, ಪಾಪ.

ವರ್ಷಕ್ಕೊಮ್ಮೆ, ಚಳಿ ಇಳಿಯುವ ಕಾಲಕ್ಕೆ ಕಲ್ಲವ್ವ ಬರುತ್ತಿದ್ದಳು. ಗುಳಿ ತೋಡಿ ಮೊಟ್ಟೆ ಇಟ್ಟು, ಹಿಂಗಾಲಿನಿಂದ ಮರಳು ಮುಚ್ಚಿ, “ಕಂಟಣ್ಣ, ನೋಡ್ಕೋತೀಯಲ್ಲ?” ಎನ್ನುತ್ತಿದ್ದಳು.

“ನೀನು ನಿಶ್ಚಿಂತೆಯಾಗಿ ಹೋಗು ತಂಗಿ,” ಎನ್ನುತ್ತಿದ್ದ ಕಂಟಯ್ಯ.

ಮೊಟ್ಟೆ ಕದಿಯಲು ಉಡ ಬಂದರೆ ಮುಳ್ಳು ಝಲ್ಲೆಂದು ಎದ್ದು ನಿಲ್ಲುತ್ತಿತ್ತು. ಉಡ ಬಂದ ದಾರಿ ಹಿಡಿಯುತ್ತಿತ್ತು. ಆಮೇಲೊಂದು ದಿನ ನೆಲ್ಲಿಕಾಯಿಯಷ್ಟು ಮರಿಗಳು ಮರಳಿನಿಂದ ಎದ್ದು ತಡವರಿಸುತ್ತ ನೀರಿಗೆ ಹೋಗುತ್ತಿದ್ದವು. ಒಂದೆರಡು ದಾರಿ ತಪ್ಪಿ ಕಂಟಯ್ಯನ ಪಾದದ ಮೇಲೇ ಹತ್ತುತ್ತಿದ್ದವು. ಕಂಟಯ್ಯನಿಗೆ ಮಕ್ಕಳಿರಲಿಲ್ಲ. ಆ ಒಂದು ದಿನಕ್ಕಾಗಿ ಅವನು ವರ್ಷವಿಡೀ ಕಾಯುತ್ತಿದ್ದ.

ಉಳಿದ ತಿಂಗಳೆಲ್ಲ ದಿಬ್ಬ ಸುಮ್ಮನೆ ಬಿಸಿಲು ಕಾಯುತ್ತಿತ್ತು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಒಂದು ಮಳೆಗಾಲದ ಆರಂಭದಲ್ಲಿ ಚುಕ್ಕಿ ಎಂಬ ಜಿಂಕೆ ಬಂದಳು. ಜೊತೆಯಲ್ಲಿ ಕುಂಟುವ ಮರಿ.

“ಕಂಟಯ್ಯ, ಮೇಲಿನ ದಂಡೆಗೆ ಇದು ನಡೆಯಲಾರದು. ನಿನ್ನ ದಿಬ್ಬ ಖಾಲಿ ಬಿದ್ದಿದೆಯಲ್ಲ, ಇದರ ಮೇಲೆ ಹಾದು ನೀರಿಗೆ ಹೋಗಲಾ? ಒಂದು ಕಾಲುದಾರಿಯಷ್ಟು ಸಾಕು.”

ಕುಂಟುವ ಮರಿಯ ಎದುರು ಬೇಡ ಎನ್ನುವುದು ಹೇಗೆ? “ಹೋಗಮ್ಮ, ಹೋಗು,” ಎಂದ. ಬೇಲಿಯಲ್ಲಿ ಒಂದು ಕಂಡಿಯಾಯಿತು. ಮರಿಯ ಕಾಲು ಸರಿಹೋಯಿತು. ಕಂಡಿ ಹಾಗೇ ಉಳಿಯಿತು.

ಮಳೆ ಜೋರಾದಾಗ ಕೋರೆಯಪ್ಪ ಎಂಬ ಕಾಡುಹಂದಿ ಬಂದ. ಬರಿಗೈಯಲ್ಲಿ ಬರಲಿಲ್ಲ, ಸಿಹಿ ಗೆಡ್ಡೆಯ ರಾಶಿಯನ್ನೇ ಉರುಳಿಸಿಕೊಂಡು ಬಂದ.

“ಗೆಡ್ಡೆ ತಿನ್ನು ಮಾರಾಯ, ಎಷ್ಟು ಸೊರಗಿದ್ದೀಯ,” ಎಂದು ಮೊದಲು ಉಪಚಾರ. ಕಂಟಯ್ಯ ತಿಂದ. ಆಮೇಲೆ ಕೋರೆಯಪ್ಪ ಮೆಲ್ಲಗೆ ಶುರುಮಾಡಿದ: “ನನ್ನ ಗುಂಡಿಗೆ ನೀರು ನುಗ್ಗಿದೆ. ನಿನ್ನ ದಿಬ್ಬದ ಒಂದು ಮೂಲೆಯಲ್ಲಿ ಕೆಸರು ಮಾಡಿಕೊಂಡು ಹೊರಳಿಕೊಂಡಿರ್ತೀನಿ. ಮಳೆ ನಿಲ್ಲುವ ತನಕ. ಹೇಗೂ ಖಾಲಿ ಬಿದ್ದಿದೆ.”

ಗಂಟಲಲ್ಲಿ ಅವನ ಗೆಡ್ಡೆ, ಅದರ ಹಿಂದೆ ‘ಆಗೋದಿಲ್ಲ’ ಎಂಬ ಮಾತು. ಎರಡನ್ನೂ ನುಂಗಿಕೊಂಡು ಕಂಟಯ್ಯ ಹೂಂಗುಟ್ಟಿದ. ಮಳೆ ನಿಂತಿತು, ಕೋರೆಯಪ್ಪ ಏಳಲಿಲ್ಲ.

ಕಳ್ಳ ಬಂದರೆ ಮುಳ್ಳು ನಿಲ್ಲಿಸುವುದು ಸುಲಭ, ಮಕ್ಕಳೇ. ಪರಿಚಯದವರು ಬಂದರೆ ಆಗುವ ಫಜೀತಿಯೇ ಬೇರೆ.

ಚಳಿಗಾಲದ ಕೊನೆಗೆ ಆಚೆ ಗುಡ್ಡಕ್ಕೆ ಬೆಂಕಿ ಬಿತ್ತು. ಅಲ್ಲಿನ ಕಡವೆಗಳ ಹಿಂಡು ಓಡಿಬಂದು ಈ ಕಾಡಿನಲ್ಲಿ ಆಸರೆ ಕೇಳಿತು. ಯಾರಿಗೆ ಎಲ್ಲಿ ಜಾಗ ಎಂದು ನಿಗದಿ ಮಾಡಲು ಸಭೆ ಸೇರಿತು. ಅಷ್ಟರಲ್ಲಿ ಆನೆಯಜ್ಜಿ ತೀರಿಕೊಂಡಿದ್ದಳು. ಅವಳ ಮೊಮ್ಮಗಳು ಹಿರಿತನಕ್ಕೆ ಬಂದಿದ್ದಳು. ದಿಬ್ಬ ಕಟ್ಟಿದಾಗ ಈಕೆ ಹುಟ್ಟಿಯೇ ಇರಲಿಲ್ಲ.

ಮೊಮ್ಮಗಳು ಧೂಳಿನಲ್ಲಿ ಕಾಲಿನಿಂದ ಗೆರೆ ಎಳೆದು ತೋರಿಸಿದಳು. “ಇಲ್ಲಿ ಮೇವು. ಇಲ್ಲಿ ಮರಿಗಳು ಮಲಗುವ ಜಾಗ. ಹೊಳೆಯ ಬಾಗಿನಲ್ಲಿ ಈ ದಿಬ್ಬವಿದೆಯಲ್ಲ, ಇದು?”

“ಖಾಲಿ ಬಿದ್ದಿದೆ. ನೀರಿಗೆ ದಾರಿಯೂ ಆಗಿದೆ,” ಎಂದ ಕೋರೆಯಪ್ಪ.

ಆನೆ ಕಂಟಯ್ಯನ ಕಡೆ ತಿರುಗಿದಳು. “ನೀನು ಅಲ್ಲೇ ಇರುವವನು. ಇದು ಯಾರಿಗಾದರೂ ಸೇರಿದ್ದಾ? ಹಾಗಿದ್ದರೆ ಹೇಳು, ಹುಣಸೆ ಮರದ ಆಚೆ ಬಯಲಿದೆ. ನೀರು ಸ್ವಲ್ಪ ದೂರ, ಅಷ್ಟೇ. ಇವರನ್ನು ಅಲ್ಲಿಗೇ ಕಳಿಸುತ್ತೇನೆ.”

ಎಷ್ಟು ಸುಲಭವಾಗಿ ಕೇಳಿದಳು ನೋಡಿ. ಒಂದೇ ಒಂದು ಮಾತು ಬೇಕಿತ್ತು. ಕಂಟಯ್ಯ ಬಾಯಿ ತೆರೆದ. ಎದುರಿಗೆ ಒಬ್ಬ ತಾಯಿ ಕಡವೆ ತನ್ನ ಕರುವಿನ ಸುಟ್ಟ ಕೂದಲನ್ನು ನೆಕ್ಕುತ್ತಿದ್ದಳು. ಎಲ್ಲರೂ ಅವನನ್ನೇ ಪ್ರೀತಿಯಿಂದ ನೋಡುತ್ತಿದ್ದರು.

“ಆಮೆಗಳು... ವರ್ಷಕ್ಕೊಂದು ಸಲ ಬರ್ತಾವೆ,” ಎಂದ.

“ಒಂದು ಸಲ ತಾನೆ? ಹೊಂದಿಕೊಳ್ತಾವೆ ಬಿಡು,” ಎಂದ ಕೋರೆಯಪ್ಪ.

“ನೀನೇನಂತೀಯ ಕಂಟಯ್ಯ?” ಆನೆ ಮತ್ತೆ ಕೇಳಿದಳು.

“ನೀವೆಲ್ಲ ಹೇಳಿದ ಮೇಲೆ ನಾನೇನು ಹೇಳಲಿ.”

ಎಲ್ಲರೂ ಅವನನ್ನು ಹೊಗಳಿದರು. ಎಂಥ ದೊಡ್ಡ ಮನಸ್ಸು ಎಂದರು. ಅಂದು ಸಂಜೆ ಕಂಟಯ್ಯನಿಗೂ ಹಿತವೆನಿಸಿತು. ಮರುದಿನದಿಂದ ಕಡವೆಗಳ ಗೊರಸಿನಡಿ ದಿಬ್ಬ ಕುಸಿಯಿತು, ಮರಳೆಲ್ಲ ಕೆಸರಿನೊಡನೆ ಕಲೆತು ಒಣಗಿ ಕಲ್ಲಾಯಿತು. ಲಕ್ಕಿ ಬೇಲಿ ತುಳಿತಕ್ಕೆ ಸಿಕ್ಕಿ ಹೋಯಿತು. ಅವನ ಹಿತವೂ ಹೋಯಿತು.

ಸ್ವಲ್ಪ ದಿನಕ್ಕೆ, ಒಂದು ಸಂಜೆ ಕಲ್ಲವ್ವ ನೀರಿನಿಂದ ಎದ್ದು ಬಂದಳು. ಹೊಟ್ಟೆ ತುಂಬ ಮೊಟ್ಟೆ, ನಿಧಾನ ನಡಿಗೆ. ಒಂದು ಕಡೆ ಕೆರೆದಳು, ಆಗಲಿಲ್ಲ. ಇನ್ನೊಂದು ಕಡೆ ಕೆರೆದಳು. ಉಗುರು ಸವೆದು ರಕ್ತ ಬಂತು.

“ಕಂಟಣ್ಣ, ನಾನು ದಾರಿ ತಪ್ಪಿ ಬಂದೆನೇನು?”

“ಇಲ್ಲ ತಂಗಿ. ಇದೇ ಜಾಗ.”

“ಹಾಗಾದರೆ ದಿಬ್ಬ ಎಲ್ಲಿ?”

ಕಲ್ಲವ್ವ ಗೊರಸಿನ ಗುರುತುಗಳನ್ನು ನೋಡಿದಳು. ಅವಳಿಗೆ ತಿಳಿಯಿತು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಾವು ಆ ದಂಡೆ ಕೊಟ್ಟಾಗ ನೀವು ಇದನ್ನು ಕೊಟ್ಟಿರಿ. ಇದಕ್ಕೆ ಬದಲು ಇನ್ನೊಂದು ಇಟ್ಟಿದ್ದೀರಾ?”

“ಇಲ್ಲ.”

“ಹೊಟ್ಟೆಯಲ್ಲಿರೋ ಮೊಟ್ಟೆ ಕಾಯೋದಿಲ್ಲ ಕಣೋ,” ಎಂದಳು ಕಲ್ಲವ್ವ. ದಾರಿಯ ಅಂಚಿನಲ್ಲಿ ಅಂಗೈ ಆಳದ ಗುಳಿ ಮಾಡುವಷ್ಟರಲ್ಲಿ ಸುಸ್ತಾದಳು. ಅದರಲ್ಲೇ ಮೊಟ್ಟೆ ಇಟ್ಟಳು. ಮುಚ್ಚಲು ಸಡಿಲ ಮರಳು ಇರಲಿಲ್ಲ. ಈ ಸಲ ‘ನೋಡ್ಕೋತೀಯಲ್ಲ’ ಎಂದು ಕೇಳಲೂ ಇಲ್ಲ.

ಬೆಳಗಾಗುವ ಹೊತ್ತಿಗೆ ಕಂಟಯ್ಯ ದಾರಿಗೆ ಅಡ್ಡ ನಿಂತಿದ್ದ. ಮುಳ್ಳೆಲ್ಲ ಎದ್ದು ನಿಂತಿತ್ತು. ಮುಂದೆ ಚುಕ್ಕಿ, ಹಿಂದೆ ಬಾಯಾರಿದ ಕಡವೆಗಳ ಹಿಂಡು.

“ಈ ಕಡೆ ಬರಬೇಡಿ. ಆಗೋದಿಲ್ಲ,” ಎಂದ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಹೊರಗೆ ಬಂತು.

ಚುಕ್ಕಿ ನಕ್ಕಳು. “ಏನಪ್ಪ ಇದು ತಮಾಷೆ? ನೀನೇ ಕೊಟ್ಟ ದಾರಿಯಲ್ಲವಾ?”

“ಮೊಟ್ಟೆ ಇದೆ, ನಿಲ್ಲಿ,” ಎಂದು ಅವನು ಅಂಗಲಾಚಿದ. ಮುಂದಿದ್ದವರು ನಿಂತರು. ಹಿಂದಿದ್ದವರಿಗೆ ಏನೂ ಕಾಣಲಿಲ್ಲ, ನೀರಿನ ವಾಸನೆ ಮಾತ್ರ ಮೂಗಿಗೆ ಬಡಿಯುತ್ತಿತ್ತು. ಅವರು ನೂಕಿದರು. ಹಿಂಡು ಕಂಟಯ್ಯನನ್ನು ಬದಿಗೆ ತಳ್ಳಿಕೊಂಡು ಹೊಳೆಗೆ ಇಳಿಯಿತು.

ಧೂಳು ಅಡಗಿದಾಗ ಗುಳಿಯಲ್ಲಿ ಒಡೆದ ಚಿಪ್ಪು, ಹಳದಿ ಲೋಳೆ. ಒಂದೂ ಉಳಿದಿರಲಿಲ್ಲ. ನಡು ಮಡುವಿನಲ್ಲಿ ಕಲ್ಲವ್ವನ ತಲೆಯಷ್ಟೇ ಮೇಲಿತ್ತು. ಅವಳು ಎಲ್ಲವನ್ನೂ ನೋಡಿದ್ದಳು. ಆಮೇಲೆ ಮುಳುಗಿದಳು. ಕಂಟಯ್ಯ ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತ.

ಕಲ್ಲವ್ವ ಹೊಳೆಯ ಕೆಳಕ್ಕೆ ಎಲ್ಲಿಗೋ ಹೋದಳು. ಉಳಿದ ಆಮೆಗಳೂ ಅವಳ ಹಿಂದೆ ಹೋದವು. ಬೇಸಿಗೆಯಲ್ಲಿ ಸತ್ತ ಮೀನು ಮಡುವಿನಲ್ಲಿ ಕೊಳೆತು ತೇಲಿದಾಗ, ಇಷ್ಟು ವರ್ಷ ಅದನ್ನೆಲ್ಲ ತಿಂದು ನೀರನ್ನು ಚೊಕ್ಕಟವಾಗಿ ಇಟ್ಟವರು ಯಾರೆಂದು ಎಲ್ಲರಿಗೂ ಗೊತ್ತಾಯಿತು. ನೀರು ನಾರಿತು. ಕಡವೆಗಳು ಹುಣಸೆ ಮರದ ಆಚೆ ಬಯಲಿಗೇ ಹೋದವು. ಕೋರೆಯಪ್ಪನೂ ಮುಖ ತಪ್ಪಿಸಿಕೊಂಡು ಎದ್ದುಹೋದ. ಆನೆಯ ಮೊಮ್ಮಗಳು ಬಂದು, “ಒಂದು ಮಾತು ಹೇಳಬಾರದಿತ್ತಾ ಕಂಟಯ್ಯ?” ಎಂದಳು. ಅವಳೇ ಮತ್ತೆ ಮರಳು ಹೊತ್ತು ಹಾಕಿಸಿ, ಲಕ್ಕಿ ಗಿಡ ನೆಡಿಸಿದಳು.

ಈಗ ಬೇಲಿಯ ಹತ್ತಿರ ಯಾರು ಸುಳಿದರೂ ಕಂಟಯ್ಯ ‘ಆಗೋದಿಲ್ಲ’ ಎನ್ನುತ್ತಾನೆ. ಮಾತು ಸಲೀಸಾಗಿ ಬರುತ್ತದೆ. ಚಳಿ ಇಳಿಯುವ ಕಾಲಕ್ಕೆ ಮರಳನ್ನು ಕೆದಕಿ ಸಡಿಲ ಮಾಡಿ, ನೀರಿನ ಕಡೆ ಮುಖ ಮಾಡಿ ಕೂರುತ್ತಾನೆ. ಅವನಿಗೆ ವಯಸ್ಸಾಗಿದೆ. ದಿಬ್ಬ ಖಾಲಿ ಬಿದ್ದಿದೆ ಎಂದು ಅಂದು ಎಲ್ಲರೂ ಹೇಳುತ್ತಿದ್ದರು. ಅಂದು ಅದು ಖಾಲಿ ಇರಲಿಲ್ಲ. ಈಗ ಖಾಲಿ ಇದೆ.

ನೀತಿ: ಒಬ್ಬರ ನೆಲ ಪಡೆದು ಅದಕ್ಕೆ ಬದಲಾಗಿ ಕೊಟ್ಟ ನೆಲ ಖಾಲಿ ಕಂಡರೂ ಖಾಲಿಯಲ್ಲ; ಅದನ್ನು ಕಾಯಲು ನಿಂತವರು ದಾಕ್ಷಿಣ್ಯಕ್ಕೆ ಸುಮ್ಮನಿದ್ದರೆ, ಆಮೇಲೆ ಎಷ್ಟು ಅತ್ತರೂ ಹೋದವರು ಮರಳಿ ಬರುವುದಿಲ್ಲ.