ಬರೋದಿಲ್ಲ ಎಂದ ಎರಡು ಹಲ್ಲು

ಭೂಮಿಯ ಮಣ್ಣು ಇನ್ನೂ ಹಸಿಯಾಗಿದ್ದ, ಬಂಡೆಗಳ ಕಾವು ಇನ್ನೂ ಆರದಿದ್ದ ಕಾಲ. ಆಗ ಎಲ್ಲಕ್ಕೂ ಬಾಯಿ ಇತ್ತು. ಮರ ಮಾತಾಡುತ್ತಿತ್ತು, ಗಾಳಿ ಬೈಯುತ್ತಿತ್ತು.

ಕಲ್ಲುಗುಡ್ಡದ ಗವಿಯೊಂದರಲ್ಲಿ ದುರುಗವ್ವ ಎಂಬ ಕರಡಿ ಇದ್ದಳು. ಲೋಕದ ಮೊದಲ ಕರಡಿ. ಅವಳ ಮಗಳು ಜುಂಜಿ, ಲೋಕದ ಮೊದಲ ಕರಡಿಮರಿ. ಜುಂಜಿ ಹಗಲೆಲ್ಲ ಅವ್ವನ ಬೆನ್ನೇರಿ, ಕೂದಲು ಜಗ್ಗುತ್ತ ಸವಾರಿ ಮಾಡುತ್ತಿದ್ದಳು. ಮಲಗುವ ಹೊತ್ತಾದರೆ ಮಾತ್ರ ಗುಡ್ಡ ಬಿರಿಯುವಂತೆ ಅಳುತ್ತಿದ್ದಳು.

ದುರುಗವ್ವನಿಗೆ ಗೆಡ್ಡೆ ಅಗೆದು ಅಗೆದು ಕೈ ಸೋತಿರುತ್ತಿತ್ತು. ಜೇನುತಟ್ಟಿಯ ಚೂರು ಮುರಿದು ಮರಿಯ ಬಾಯಿಗೆ ತುರುಕುತ್ತಿದ್ದಳು. ಅಳು ನಿಲ್ಲುತ್ತಿತ್ತು. ಜುಂಜಿ ಜೇನು ಚೀಪುತ್ತಲೇ ನಿದ್ದೆ ಹೋಗುತ್ತಿದ್ದಳು. ಅದನ್ನು ಮುದ್ದು ಎಂದು ಕರೆಯುವವರು ಕರೆಯಲಿ. ಅದು ಅಳು ನಿಲ್ಲಿಸುವ ಅವಸರ, ಅಷ್ಟೇ.

ಗವಿಯ ಬಾಗಿಲಲ್ಲಿ ಒಂದು ಬೇವಿನ ಮರ ನಿಂತಿತ್ತು.

"ದುರುಗವ್ವಾ, ನನ್ನದೊಂದು ಕಡ್ಡಿ ಮುರ್ಕೋ. ಮಗಳ ಹಲ್ಲುಜ್ಜಿ, ಬಾಯಿ ತೊಳೆದು ಮಲಗಿಸು" ಎಂದಿತು ಬೇವು.

"ಹೋಗತ್ಲಾಗೆ! ಹಾಲುಹಲ್ಲು ತಾನೆ? ಜಿಂಕೆಮರಿಯವು ಬಿದ್ದವು, ಇವಳವೂ ಬೀಳ್ತವೆ. ಬೀಳೋ ಹಲ್ಲಿಗೆ ಯಾಕೆ ಇಷ್ಟು ಉಪಚಾರ?"

"ಬೀಳೋ ಹಲ್ಲಿನ ಹಿಂದೆ ಇನ್ನೊಂದು ಕಾಯ್ತಾ ಕೂತಿರ್ತದೆ ಕಣವ್ವಾ."

"ನಿನ್ನ ಕಹಿ ನಿನ್ನ ಹತ್ರಾನೇ ಇಟ್ಕೋ" ಎಂದು ದುರುಗವ್ವ ಮಗ್ಗುಲಾದಳು.

ಬೆಳಿಗ್ಗೆ ಗಾಳಿ ಗವಿಯೊಳಗೆ ಬಂತು. ಜುಂಜಿ ಆಕಳಿಸಿದಳು. ಗಾಳಿ ಬಂದ ದಾರಿಯಲ್ಲೇ ಓಡಿತು. "ಥೂ! ಏನು ನಾತ ಮಾರಾಯ್ತಿ!"

ಮರುದಿನವೂ ಜೇನು. ಮರುದಿನವೂ ಗಾಳಿ ಥೂ ಎಂದು ಓಡಿತು. ಜುಂಜಿಯ ಹಲ್ಲು ಕಂದಾದವು, ಕಪ್ಪಾದವು, ತೂತಾದವು. ಆಮೇಲೆ ಒಂದೊಂದಾಗಿ ಉದುರಿದವು.

"ನೋಡು, ಬಿದ್ದವು" ಎಂದು ದುರುಗವ್ವ ಬೇವಿಗೆ ಹಲ್ಲು ತೋರಿಸಿ, ಗವಿಯ ಮೇಲಕ್ಕೆ ಎಸೆದಳು. ಹೊಸ ಹಲ್ಲಿಗಾಗಿ ಕಾದಳು.

ಹೊಸ ಹಲ್ಲು ಬರಲಿಲ್ಲ.

ಜುಂಜಿಗೆ ಬಾರೆಹಣ್ಣು ಕಚ್ಚಲಾಗಲಿಲ್ಲ. ಗೆಡ್ಡೆ ಅಗಿಯಲಾಗಲಿಲ್ಲ. ಬೆನ್ನ ಮೇಲಿನ ಮರಿ ದಿನದಿನಕ್ಕೆ ಹಗುರವಾಗುತ್ತ ಹೋಯಿತು. ಆ ಹಗುರ ದುರುಗವ್ವನ ಎದೆಗೆ ಬಂಡೆಯಷ್ಟು ಭಾರವಾಯಿತು. ಅವಳು ಮಗಳನ್ನು ಮಡಿಲಲ್ಲಿ ಮಲಗಿಸಿ, ಬಾಯಿಗೆ ಕಿವಿಯಿಟ್ಟಳು. ವಸಡಿನೊಳಗಿಂದ ಗುಸುಗುಸು ಕೇಳಿತು.

"ಯಾರು ಒಳಗೆ?"

"ನಾವೇ, ಹೊಸ ಹಲ್ಲುಗಳು."

"ಅಯ್ಯೋ ನನ್ನಪ್ಪಗಳಿರಾ, ಬೇಗ ಬರ್ರೋ! ಮಗಳು ಉಪವಾಸ ಇದ್ದಾಳೆ."

"ಬರೋದಿಲ್ಲ. ನಮಗಿಂತ ಮೊದಲಿದ್ದ ಹಲ್ಲುಗಳು ದಿನವೆಲ್ಲ ದುಡಿದವು. ಅವಕ್ಕೆ ನೀನು ಒಂದು ಬಾಯಿ ನೀರು ಕೊಟ್ಟೆಯಾ? ಕೊಳೆಯಲ್ಲೇ ಸಾಯಿಸಿದೆ. ಈಗ ನಾವು ಬರಬೇಕಾ?"

ದುರುಗವ್ವ ತಬ್ಬಿಬ್ಬಾದಳು. "ಸಿಟ್ಟು ಮಾಡ್ಕೋಬೇಡಿ. ಬನ್ನಿ, ಜೇನು ಕೊಡ್ತೀನಿ."

ವಸಡಿನೊಳಗೆ ಹಲ್ಲುಗಳು ಹೋ ಎಂದು ನಕ್ಕವು. ಹೊರಗೆ ಬೇವೂ ನಕ್ಕಿತು. ದುರುಗವ್ವ ನಗಲಿಲ್ಲ. ತಾನು ಏನು ಹೇಳಿದೆ ಎಂಬುದು ಅವಳಿಗೆ ಆಗ ತಿಳಿಯಿತು. ಎದ್ದು ಹೋಗಿ, ಬೇವಿನ ಮುಂದೆ ಕೈ ಚಾಚಿದಳು.

"ಒಂದು ಕಡ್ಡಿ ಕೊಡವ್ವಾ."

ಬೇವು ಕೊಂಬೆ ಬಗ್ಗಿಸಿತು. ದುರುಗವ್ವ ಕಡ್ಡಿಯ ತುದಿ ಜಗಿದು ಮೆತ್ತಗೆ ಮಾಡಿದಳು. ಮಗಳ ವಸಡು ಉಜ್ಜಿದಳು. ಹಳ್ಳದ ನೀರಲ್ಲಿ ಅವಳ ಬಾಯಿ ತೊಳೆದಳು. ಎದ್ದಾಗ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಜುಂಜಿ "ಕಹಿ! ಕಹಿ!" ಎಂದು ಕಿರುಚಿದಳು, ಅವ್ವನ ಕೈ ಪರಚಿದಳು. ದುರುಗವ್ವ ಬಿಡಲಿಲ್ಲ. ಅತ್ತರೆ ಎತ್ತಿಕೊಂಡಳು. ಜೇನು ಮಾತ್ರ ಕೊಡಲಿಲ್ಲ.

ಒಂದು ಬೆಳಿಗ್ಗೆ ಗಾಳಿ ಗವಿಯೊಳಗೆ ಬಂದು, ಮೂಸಿ ನೋಡಿ, ಅಲ್ಲೇ ಕುಳಿತಿತು. ಅಂದೇ ದವಡೆಯ ಹಲ್ಲು ಇಣುಕಿದವು. ಕೋರೆಹಲ್ಲು ಬಂದವು. ಕೆಳಗಿನವು ಬಂದವು. ಮೇಲಿನ ಸಾಲಿನ ನಡುವಿನ ಎರಡು ಮಾತ್ರ ಬರಲಿಲ್ಲ.

"ನೀವೂ ಬನ್ನಿರಪ್ಪಾ. ಈಗ ತೊಳೀತಿದ್ದೀನಲ್ಲ" ಎಂದಳು ದುರುಗವ್ವ.

"ತೊಳೀತಿದ್ದೀ, ನಿಜ" ಎಂದವು ಆ ಎರಡು ಹಲ್ಲು. "ಆದರೆ ಜೇನು ನಿಂತದ್ದೆಲ್ಲ ಇಲ್ಲೇ. ನಮ್ಮ ಜಾಗ ಬೇರಿನವರೆಗೆ ಸತ್ತಿದೆ. ಸತ್ತ ಜಾಗಕ್ಕೆ ಹೇಗೆ ಬರೋದು?"

ದುರುಗವ್ವ ಕಾದೇ ಕಾದಳು. ಅವು ಬರಲೇ ಇಲ್ಲ.

ಜುಂಜಿ ಹುತ್ತದ ಬಳಿ ಹೋದಾಗ ಗೆದ್ದಲುಗಳು ಸಾಲಾಗಿ ನಿಂತು, "ಬೊಕ್ಕಬಾಯಿ ಬಂದ್ಳು! ಬೊಕ್ಕಬಾಯಿ ಬಂದ್ಳು!" ಎಂದು ಕುಣಿದವು. ಬಿಕ್ಕಿ ಅಳಬೇಕೆಂದು ಜುಂಜಿ ಜೋರಾಗಿ ಉಸಿರೆಳೆದಳು. ಸುರ್ರ್! ಕುಣಿಯುತ್ತಿದ್ದ ಗೆದ್ದಲುಗಳೆಲ್ಲ ಹಲ್ಲಿನ ಸಂದಿಯಿಂದ ಹೊಟ್ಟೆಗೆ ಹೋದವು. ಜುಂಜಿ ಕಣ್ಣರಳಿಸಿದಳು. ಇನ್ನೊಮ್ಮೆ ಎಳೆದಳು. ಅವಳ ಹೊಟ್ಟೆ ತುಂಬಿತು.

"ನೋಡಿದೆಯಾ, ಸಂದಿಯೂ ಉಪಯೋಗಕ್ಕೆ ಬಂತು" ಎಂದಿತು ಗಾಳಿ.

"ಬಂತು. ಅಷ್ಟಕ್ಕೇ ನನ್ನ ತಪ್ಪು ತಪ್ಪಲ್ಲ ಅಂತ ಆಗೋದಿಲ್ಲ" ಎಂದಳು ದುರುಗವ್ವ.

ಇಂದಿಗೂ ಕರಡಿಯ ಬಾಯಲ್ಲಿ ಮೇಲಿನ ನಡುವಿನ ಎರಡು ಹಲ್ಲಿಲ್ಲ, ಸಂಜೆ ಕಲ್ಲುಗುಡ್ಡದ ಕಡೆಯಿಂದ ಕೇಳುವ ಸುರ್ರ್ ಸದ್ದು ಆ ಸಂದಿಯದೇ, ಮತ್ತೆ ನಿನ್ನ ಹಾಲುಹಲ್ಲು ಬಿದ್ದಾಗ ನಾಲಿಗೆ ಪದೇಪದೇ ಆ ಖಾಲಿ ಜಾಗಕ್ಕೇ ಹೋಗುತ್ತದಲ್ಲ, ಒಳಗೆ ಕುಳಿತ ಹೊಸ ಹಲ್ಲು ಅಲ್ಲಿಂದ ಕೇಳುತ್ತಿರುತ್ತದೆ, "ಮನೆ ತೊಳೆದಿದ್ದೀಯಾ? ಬರಲಾ?"