ಗಿರಿಯನೂ ನಾಲ್ಕು ತೂತಿನ ಬಾಕ್ಸೂ

ಹೂಂಗುಡೋರಿದ್ದರೆ ಹೇಳ್ತೀನಿ. ನಡುವೆ ‘ಇದೆಲ್ಲಾ ಸುಳ್ಳು’ ಅನ್ನೋನು ಈಗಲೇ ಎದ್ದು ಹೋಗಲಿ. ಗಿರಿಯನ ಮದುವೇಲಿ ಹದಿನೆಂಟು ಹೋಳಿಗೆ ತಿಂದ ಹೊಟ್ಟೆ ಇದು, ಇದಕ್ಕಿಂತ ಸಾಕ್ಷಿ ಬೇಕಾ?

ಸೀಗೆಕೊಪ್ಪದಲ್ಲಿ ಇಡ್ಲಿ ದೇವೀರಮ್ಮ ಅಂತ ಒಬ್ಬಾಕೆ. ಗಂಡ ಇಲ್ಲ. ಇರೋನು ಒಬ್ಬನೇ ಮಗ, ಗಿರಿಯ. ಆಳು ಅಂದರೆ ಆಳು! ಕಂಕುಳಿಗೊಂದು ಕೊಬ್ಬರಿ ಮೂಟೆ ಸಿಕ್ಕಿಸ್ಕೊಂಡು ಏಣಿ ಹತ್ತೋನು, ಉಸಿರು ಏರ್ತಿರಲಿಲ್ಲ. ತಲೆ ಮಾತ್ರ ಬೇರೆ ಥರ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಒಂದು ಕೂದಲು ಆಚೆ ಇಲ್ಲ, ಒಂದು ಕೂದಲು ಈಚೆ ಇಲ್ಲ.

ಗಂಡಿನ ಮನೆ ನೋಡೋಕೆ ಅಂತ ಹನ್ನೊಂದು ಕಡೆಯೋರು ಬಂದರು. ಹನ್ನೊಂದು ಕಡೆಯೋರೂ ಕಾಫಿ ಕುಡಿದರು, ಗಿರಿಯನ ಎರಡು ಮಾತು ಕೇಳಿದರು, ಚಪ್ಪಲಿ ಮೆಟ್ಟಿಕೊಂಡು ನಡೆದರು. ‘ನಾನು ಕಣ್ಣು ಮುಚ್ಚೋದ್ರೊಳಗೆ ಇವನ ತಲೆ ಮೇಲೆ ಅಕ್ಷತೆ ಬಿದ್ದೀತಾ?’ ದೇವೀರಮ್ಮನಿಗೆ ಅದೊಂದೇ ಕೊರಗು.

ಆ ಮನೆ ಅಡುಗೆಕೋಣೇಲಿ ಪ್ಲಗ್ ಪಾಯಿಂಟೇ ಇರಲಿಲ್ಲ. ನಡುಮನೆ ಪಾಯಿಂಟಿಂದ ಒಂದು ವೈರು ಹೊರಟು, ಅಟ್ಟ ಹತ್ತಿ, ಒಣಕೊಬ್ಬರಿ ಮೂಟೆಗಳ ಹಿಂದೆ ನುಸುಳಿ, ಅಡುಗೆಕೋಣೆಗೆ ಇಳಿದು ನಾಲ್ಕು ತೂತಿನ ಬಾಕ್ಸಾಗಿತ್ತು. ಸತ್ತ ಗಂಡ ಎಳೆದದ್ದು. ಆಮೇಲೆ ಮೂಟೆಗಳ ಹಿಂದಿನ ಆ ವೈರನ್ನ ಯಾರೂ ನೋಡಿದ್ದಿಲ್ಲ.

ಒಂದಿನ ದೇವೀರಮ್ಮ ಹಿತ್ತಲಿಂದ ಕೂಗಿದಳು: “ಗಿರಿಯಾ! ಇಡ್ಲಿಗೆ ರುಬ್ಬೋಕಿಡು! ಚಟ್ನಿಗೆ ಮಿಕ್ಸಿ ಹಾಕು! ನೀರು ಕಾಯೋಕೆ ಕಾಯಿಲ್ ಬಿಡು! ನನ್ನ ಸೀರೆ ಇಸ್ತ್ರಿ ಮಾಡು!”

ನಾಲ್ಕು ಕೆಲಸ, ನಾಲ್ಕು ತೂತು! ಗಿರಿಯ ನಾಲ್ಕನ್ನೂ ಸಿಕ್ಕಿಸಿದ, ನಾಲ್ಕನ್ನೂ ಒಟ್ಟಿಗೆ ಒತ್ತಿದ. ಗುರ್ರ್! ಜುಯ್ಯ್! ಢಮಾರ್! ಫ್ಯೂಸು ಹಾರಿದ ಸದ್ದಿಗೆ ಮೂರು ಊರಾಚೆ ಎಮ್ಮೆಗಳು ಹಗ್ಗ ಕಿತ್ಕೊಂಡವು. ಬಾಕ್ಸು ಕರಗಿ ಬೆಲ್ಲದ ಪಾಕ!

“ಅಯ್ಯೋ ಪೆದ್ದಮುಂಡೇದೆ! ಒಂದು ಬಾಕ್ಸಿಗೆ ಅಷ್ಟೊಂದು ಹೊರೆ ಹೊರಿಸ್ತಾರೇನೋ? ಒಂದು ಹೊತ್ತಿಗೆ ಒಂದೇ! ಅದನ್ನ ಕಿತ್ತ ಮೇಲೇ ಇನ್ನೊಂದು!”

“ಆಯ್ತು ಕಣವ್ವ! ಮುಂದಿನ ಸಲ ಹಂಗೇ ಮಾಡ್ತೀನಿ!”

ಹೊಸ ಬಾಕ್ಸು ಬಂತು. ಪಿತೃಪಕ್ಷದ ಹಬ್ಬವೂ ಬಂತು. ಹದಿನೈದು ಜನ ನೆಂಟರು ಎಲೆ ಮುಂದೆ ಕೂತರು. ಗಿರಿಯ ಮುದ್ದೆ ತಂದ. ಮೊದಲನೇ ಎಲೇಲಿ ಬೋಳುಬಾಯಿಯ ಸಣ್ಣಜ್ಜ. ಅವನಿಗೆ ಮುದ್ದೆ ಇಟ್ಟ, ಸಾರು ಬಿಟ್ಟ, ಕೈಕಟ್ಟಿ ನಿಂತ.

“ನಮಗೋ?” ಅಂದರು ಮಿಕ್ಕವರು.

“ಒಂದು ಹೊತ್ತಿಗೆ ಒಂದೇ!”

ಸಣ್ಣಜ್ಜ ಒಂದೊಂದೇ ತುತ್ತು ನುಂಗ್ತಾನೆ, ನಡುವೆ ನೀರು ಕುಡೀತಾನೆ, ತೇಗ್ತಾನೆ. ಹದಿನಾಲ್ಕು ಹೊಟ್ಟೆ ಗುಡುಗ್ತಾವೆ! ಗಿರಿಯನಿಗೂ ತಾಳ್ಮೆ ಕೆಟ್ಟಿತು. ಅಜ್ಜನ ರಟ್ಟೆ ಹಿಡಿದು ಮೂಲಂಗಿ ಕಿತ್ತ ಹಾಗೆ ಕಿತ್ತ!

“ಲೇ! ಬಿಡೋ! ಇನ್ನೂ ಪಾಯಸ ಬಂದಿಲ್ಲ ಕಣೋ!”

“ನಿನ್ನ ಕಿತ್ತ ಮೇಲೇ ಇನ್ನೊಬ್ರು ಅಜ್ಜಾ!”

ದೇವೀರಮ್ಮ ಹಣೆ ಚಚ್ಚಿಕೊಂಡಳು. “ಥೂ ನಿನ್ನ! ಬಡಿಸೋದು ಗೊತ್ತಿಲ್ವಾ? ಮೊದಲು ನೀರು ಚಿಮುಕಿಸಬೇಕು, ಒರೆಸಬೇಕು, ಆಮೇಲೆ ಸಾಲಾಗಿ ಬಡಿಸಬೇಕು!”

“ಆಯ್ತು ಕಣವ್ವ! ಮುಂದಿನ ಸಲ ಹಂಗೇ ಮಾಡ್ತೀನಿ!”

ಮಾರನೇ ದಿನ ಗ್ರೈಂಡರ್ ಹಾಕು ಅಂದಳು. ಗಿರಿಯ ಚೊಂಬಲ್ಲಿ ನೀರು ತಂದ, ಬಾಕ್ಸಿನ ನಾಲ್ಕೂ ತೂತಿಗೆ ಚಿಮುಕಿಸಿದ, ಟವೆಲ್ಲು ತಗೊಂಡು ಒರೆಸೋಕೆ ಬಗ್ಗಿದ. ಪುಣ್ಯ! ಊರಿಗೇ ಕರೆಂಟಿರಲಿಲ್ಲ! ದೇವೀರಮ್ಮ ಹಾರಿ ಬಂದು ಚೊಂಬು ಕಿತ್ಕೊಂಡಳು. ಬೈಯೋಕೆ ಮೊದಲು ಮಗನ್ನ ತಬ್ಕೊಂಡು ಅತ್ತಳು.

ಆಮೇಲೆ ಬೈದಳು. “ಕರೆಂಟಿರೋ ಕಡೆ ನೀರು ತಂದರೆ ಹೆಣ ಬೀಳ್ತದೆ ಕಣೋ! ಒಂದು ತೊಟ್ಟೂ ತರಬೇಡ! ಒಣಗಿರೋ ಜಾಗದಲ್ಲಿ, ಎತ್ತರದಲ್ಲಿ ಇಡಬೇಕು!”

“ಆಯ್ತು ಕಣವ್ವ! ಮುಂದಿನ ಸಲ ಹಂಗೇ ಮಾಡ್ತೀನಿ!” ಅಂದ, ಬಾಕ್ಸು ಒಣಗಿಸಿ ಎತ್ತರದ ಗೂಡಿಗೆ ಏರಿಸಿದ.

ಆಗ ಬಂತು ನೋಡಿ ಹನ್ನೆರಡನೇ ಕಡೆ! ಲೈನ್‌ಮನ್ ಚಿಕ್ಕರಂಗಯ್ಯ, ಮಗಳು ಜಯಶೀಲನ್ನ ಕೊಡೋಕೆ ಮನೆ ನೋಡೋಕೆ ಬಂದ. ಬಿರುಬಿಸಿಲು. ದೇವೀರಮ್ಮ ಒಳಗೆ ವಡೆಗೆ ಗ್ರೈಂಡರ್ ಹಾಕಿದ್ದಳು. ಬಾಗಿಲಲ್ಲಿ ಗಿರಿಯ.

“ಕೈಕಾಲಿಗೆ ನೀರು ಕೊಡಪ್ಪಾ.”

“ಊಹೂಂ! ನೀವು ದಿನಾ ಕರೆಂಟು ಹಿಡಿಯೋರು. ನಿಮ್ಮ ಮೈಯೆಲ್ಲಾ ಕರೆಂಟೇ! ಒಂದು ತೊಟ್ಟೂ ಕೊಡಲ್ಲ!”

“ಕುಡಿಯೋಕಾದ್ರೂ...”

“ಒಳಕ್ಕೆ ಹೋದ್ರೆ ಇನ್ನೂ ಅಪಾಯ!” ಅಂದವನೇ ಲೈನ್‌ಮನ್ನನ್ನ ಕಂಕುಳಲ್ಲಿ ಎತ್ಕೊಂಡ, ದಡದಡ ಏಣಿ ಹತ್ತಿದ, ಅಟ್ಟದ ಮೇಲೆ ಕೊಬ್ಬರಿ ಮೂಟೆಗಳ ನಡುವೆ ಕೂರಿಸಿದ. “ಒಣಗಿರೋ ಜಾಗ! ಎತ್ತರದ ಜಾಗ! ಇಲ್ಲೇ ಇರಿ!”

ಸೆರಗಲ್ಲಿ ಕೈ ಒರೆಸ್ಕೊಂಡು ದೇವೀರಮ್ಮ ನಡುಮನೆಗೆ ಬಂದಳು. ಚಾಪೆ ಖಾಲಿ! ಮೇಲೆ ನೋಡಿದರೆ ಬೀಗರ ಎರಡು ಕಾಲು ನೇತಾಡ್ತಾವೆ! ‘ಹೋಯ್ತು! ಹನ್ನೆರಡನೇದೂ ಹೋಯ್ತು!’

“ಅಮ್ಮಾ!” ಮೇಲಿಂದ ಕೂಗು. “ಮೇನ್ ಆಫ್ ಮಾಡಿ! ಬೇಗ! ಬೆಂಕಿ!”

ದೇವೀರಮ್ಮ ಓಡಿ ಮೇನ್ ಸ್ವಿಚ್ ಇಳಿಸಿದಳು. ಚಿಕ್ಕರಂಗಯ್ಯ ಹೊಗೆಯಾಡ್ತಿದ್ದ ಮೂಟೆಯೊಂದನ್ನ ಕೆಳಕ್ಕೆ ಉರುಳಿಸಿದ, ಗಿರಿಯ ಬರಿಗಾಲಲ್ಲೇ ತುಳಿದು ಆರಿಸಿದ. ಲೈನ್‌ಮನ್ ಕೈಲಿ ವೈರು ಹಿಡ್ಕೊಂಡು ಇಳಿದ. ನಡುವೆ ಒಂದು ಗಂಟು, ಸುಟ್ಟು ಕರಿಕಲು.

“ನೋಡಿ! ಉದ್ದ ಸಾಲದೆ ಎರಡು ವೈರು ಗಂಟು ಹಾಕವ್ರೆ! ಮೇಲೆ ಟೇಪೂ ಸುತ್ತಿಲ್ಲ! ಕಿಡಿ ಹಾರ್ತಾ ಇತ್ತು. ಇನ್ನರ್ಧ ಗಂಟೆ ಬಿಟ್ಟಿದ್ರೆ ನಿಮ್ಮನೆ ಅಲ್ಲ, ಈ ಬೀದಿನೇ ಬೂದಿ!”

ಆಮೇಲೆ ಅಡುಗೆಕೋಣೆಗೆ ನಡೆದ. ಬಾಕ್ಸು ನೋಡಿದ. ಎತ್ತರದಲ್ಲೈತೆ, ಒಣಗೈತೆ, ನಾಲ್ಕು ತೂತಿಗೆ ಒಂದೇ ಪ್ಲಗ್ಗು! ಅವನ ಕಣ್ಣಲ್ಲಿ ನೀರು ಬಂತು. “ಇಪ್ಪತ್ತೆಂಟು ವರ್ಷದಿಂದ ಮನೆಮನೆಗೂ ಬಡ್ಕೊಂಡೆ, ಒಬ್ಬನೂ ಕೇಳಲಿಲ್ಲ. ಇಂಥ ಅಳಿಯ ನಂಗೆ ಇನ್ನೆಲ್ಲಿ ಸಿಗ್ತಾನಮ್ಮಾ? ಹೆಣ್ಣು ಕೊಟ್ಟೆ! ಈಗಲಾದ್ರೂ ನೀರು ಕೊಡಿ!”

ಹೊರಡುವಾಗ ಅಳಿಯನಿಗೊಂದು ಬುದ್ಧಿ ಹೇಳಿದ: “ಈ ವೈರು ಬಿಸಾಕು, ಒಂದೇ ತುಂಡಿನ ಉದ್ದದ್ದು ತಾ. ಜೀವ ಹೋದ್ರೂ ಗಂಟು ಹಾಕಬೇಡ ಕಣಪ್ಪಾ. ಗಂಟಲ್ಲೇ ಬೆಂಕಿ ಹುಟ್ಟೋದು!”

“ಆಯ್ತು ಕಣ್ ಮಾವ! ಮುಂದಿನ ಸಲ ಹಂಗೇ ಮಾಡ್ತೀನಿ!”

ದೇವೀರಮ್ಮನಿಗೆ ಆಗಲೇ ಗೊತ್ತಾಗಬೇಕಿತ್ತು.

ಮದುವೆ ಮಧ್ಯಾಹ್ನ. ಛತ್ರದ ತುಂಬಾ ಜನ, ಗಿರಗಿರ ಫ್ಯಾನು, ಮೈಕಲ್ಲಿ ಪುರೋಹಿತರ ಮಂತ್ರ. “ಮುಹೂರ್ತ ಬಂತು! ತಾಳಿ ಕಟ್ಟಪ್ಪಾ! ಮೂರು ಗಂಟು!”

ಗಿರಿಯ ಕೈ ಹಿಂದಕ್ಕೆಳಕೊಂಡ. “ಆಗಲ್ಲ! ಗಂಟು ಹಾಕಬಾರದು! ಹುಡುಗಿ ಸುಟ್ಟುಹೋಗ್ತಾಳೆ!”

ಪುರೋಹಿತರು ಬೇಡಿದರು, ಮಾವ ಕಾಲಿಗೆ ಬೀಳೋಕೂ ಹೋದ. “ಒಂದೇ ತುಂಡಿನ ಉದ್ದದ್ದು ತನ್ನಿ!” ಅಂತಾನೆ ಗಿರಿಯ! ಮುಹೂರ್ತ ಮುಗಿಯೋಕೆ ಎರಡೇ ನಿಮಿಷ. ದೇವೀರಮ್ಮ ಮುಷ್ಟೀಲಿ ಅಕ್ಷತೆ ಹಿಡಿದೇ ಮಣೆ ಹತ್ತಿರಕ್ಕೆ ನುಗ್ಗಿದಳು.

ಆಗ ತಲೆ ತಗ್ಗಿಸಿ ಕೂತಿದ್ದ ಜಯಶೀಲ ತಲೆ ಎತ್ತಿದಳು. ಲೈನ್‌ಮನ್ ಮಗಳು! “ಅತ್ತೆ, ಹೋಗಿ ಛತ್ರದ ಮೇನ್ ಆಫ್ ಮಾಡಿ!”

ದೇವೀರಮ್ಮ ಸೀರೆ ಎತ್ತಿ ಕಟ್ಟಿ ಓಡಿದಳು. ಖಟ್! ಫ್ಯಾನು ನಿಂತವು, ಮೈಕು ಸತ್ತಿತು.

“ಈಗ ಕರೆಂಟಿಲ್ಲ,” ಅಂದಳು ಜಯಶೀಲ. “ಧೈರ್ಯವಾಗಿ ಹಾಕು!”

ಗಿರಿಯ ಹಾಕಿದ! ಒಂದು! ಎರಡು! ಮೂರು! ಓಲಗ ಮೊಳಗಿತು, ಸಾವಿರ ಕೈ ಅಕ್ಷತೆ ಹಾರಿಸಿದವು. ದೇವೀರಮ್ಮ ಮೇನಿನ ಹತ್ತಿರ ನಿಂತೇ ದೂರದಿಂದ ಮುಷ್ಟಿ ಅಕ್ಷತೆ ಬೀಸಿದಳು. ಅದು ನೇರ ಮಗನ ತಲೆ ಮೇಲೆ! ಗೆದ್ದಳು ತಾಯಿ! ಅತ್ತಳು, ನಕ್ಕಳು, ಎರಡೂ ಒಟ್ಟಿಗೆ.

ಗಿರಿಯ ಮಾತ್ರ ಮಣೆ ಬಿಟ್ಟು ಏಳಲಿಲ್ಲ. ಪಕ್ಕದಲ್ಲಿದ್ದ ಮಾವನ ಜೇಬಿಗೆ ಕೈ ಹಾಕಿದ, ಕಪ್ಪು ಟೇಪಿನ ಸುರುಳಿ ತೆಗೆದ. ಅರಿಶಿನ ದಾರದ ಮೂರು ಗಂಟಿಗೂ ಬಿಗಿಯಾಗಿ ಹನ್ನೆರಡು ಸುತ್ತು ಸುತ್ತಿದ, ಹಲ್ಲಲ್ಲಿ ಕಡಿದ, ಹೆಬ್ಬೆರಳಲ್ಲಿ ಒತ್ತಿದ. ಎದ್ದು ನಿಂತು ಎದೆಯುಬ್ಬಿಸಿ ಕೂಗಿದ:

“ಅವ್ವಾ! ಈಗ ಮೇನ್ ಹಾಕು!”